ತಿಪ್ಪಿ ನಿಂದು

ಮದುವೆಯಾಗಿ ಮೈಂದರ್ಗಿಗೆ ಬಂದ ಮೂರನೇ ದಿನ
ತಿಗರಿಗೆ ಬೆರಳು ತಾಗಿಸಿದೆ.
ಮಾವ ಮಲಕಪ್ಪ ಬೈಯಲಿಲ್ಲ. ತಿರುವುತ್ತಿದ್ದ ಕೋಲು ಕೆಳಗಿಟ್ಟರು:
‘ತಿಗರಿ ಹೆಣ್ಮಕ್ಕಳದಲ್ಲವ್ವಾ.
ಅರಲು ತುಳಿ, ಬೂದಿ ಸೋಸು,
ಒಡದದ್ದು ಒಯ್ದು ಹಿತ್ತಲಕ್ಕ ಚೆಲ್ಲು.
ತಿಪ್ಪಿ ನಿಂದು.’

ಹಾಗೆ ನನ್ನ ಪಾಲಿಗೆ ಬಂತು
ಬೇವಿನ ಬುಡದ ಆ ದಿಬ್ಬ,
ಯಾವ ಸಾತಬಾರಾದಲ್ಲೂ ಯಾರ ಹೆಸರಿಗೂ ಏರದ ಜಮೀನು.

ನಾಲ್ಕು ತಲೆಮಾರಿನ ತಪ್ಪು ಅಲ್ಲಿ ಬಿದ್ದಿತ್ತು.
ಬಾಯಿ ಸೊಟ್ಟಾದ ಹರವಿ,
ಹಸಿಯಿದ್ದಾಗಲೇ ಅಂಟಿಕೊಂಡು ಹಾಗೇ ಬೆಂದ
ಬಿಡಿಸಲಾಗದ ಎರಡು ಪಣತಿ,
ಅರ್ಧಕ್ಕೇ ಕುಸಿದ ಒಂದು ಕೊಡ, ಥೇಟ್
ಸಂತೆಯಿಂದ ನಡೆದು ಬಂದು ಕಟ್ಟೆಗೆ ಕೂತ
ನಮ್ಮತ್ತೆ ಗೋದಾಬಾಯಿ.
ಒಂದು ಬೋಕಿಯ ಮೇಲೆ ಹೆಬ್ಬೆರಳ ಗುರುತು.
ಮಾವನದಲ್ಲ, ಸಣ್ಣದು.
ಯಾರೋ, ಬೇಡವೆಂದರೂ, ಮುಟ್ಟಿದ್ದಾರೆ.
ಅದನ್ನು ಸೆರಗಿಗೆ ಕಟ್ಟಿಕೊಂಡೆ.

ಅಕ್ಕಲಕೋಟೆಯ ಪೇಟೆಯಲ್ಲಿ ಖಾಪರ ಅಂತಾರೆ,
ನಾವು ಬೋಕಿ ಅಂತೀವಿ.
ಯಾವ ಹೆಸರು ಹಿಡಿದು ಎಸೆದರೂ
ಬೀಳುವಾಗ ಅದು ಆಡುವುದು ಒಂದೇ ಮಾತು.

ಅದರಿಂದ ಏನು ಮಾಡಿದಿ ಅಂತ ಕೇಳಬೇಡಿ.
ಮೊದಮೊದಲು ಏನೂ ಇಲ್ಲ.
ಕರಿಯವನ್ನು ಒಂದು ಕಡೆ, ಕೆಂಪನೆಯವನ್ನು ಒಂದು ಕಡೆ ಇಟ್ಟೆ,
ಮತ್ತೆ ಕಲಸಿದೆ.
ಹುಸೇನಬಿಯ ಮೊಮ್ಮಗಳು ಕುಂಟಾಟಕ್ಕೆ ದುಂಡಗಿನದೊಂದು ಒಯ್ದಳು,
ಗೆದ್ದು ಬಂದು ಇನ್ನೆರಡು ಬೇಡಿದಳು.
ಹರವಿಯ ತಳದಲ್ಲಿ ಗುಬ್ಬಿಗೆ ನೀರಿಟ್ಟೆ.
ಕುತ್ತಿಗೆಯಷ್ಟೇ ಉಳಿದ ಗಡಗಿಯೊಂದನ್ನು
ಕಣ್ಣಿಗೆ ಹಿಡಿದು ಊರು ನೋಡಿದೆ.
ದುಂಡಗಿತ್ತು. ಅಷ್ಟೇನೂ ಕೆಟ್ಟದಿರಲಿಲ್ಲ.

ಆ ವರ್ಷ, ಅಕ್ಷಯ ತದಿಗೆಗೆ ಎಂಟು ದಿನ ಇರುವಾಗ
ಆವಿಗೆ ರಾತ್ರಿಯಿಡೀ ಕೆಮ್ಮಿತು.
ಢಬ್. ಢಬ್.
ಮಾವ ಹೊರಸಿನ ಮೇಲೆ ಕೂತು ಎಣಿಸಿದರು,
ಹನ್ನೊಂದಕ್ಕೆ ಎಣಿಕೆ ಬಿಟ್ಟು ಬೀಡಿ ಹಚ್ಚಿದರು.
ಆ ಅರಲು ತುಳಿದದ್ದು ನಾನು.
ಕಾಲು ಅರಲಿನಲ್ಲಿತ್ತು, ಮನಸ್ಸು ದುಧನಿಯಲ್ಲಿ, ತವರಲ್ಲಿ.
ನಾನು ತುಳಿಯದೆ ಬಿಟ್ಟ ಗಾಳಿ
ಬೆಂಕಿ ಕಂಡು ಬಾಯಿ ಬಿಟ್ಟಿತ್ತು.

ಬೂದಿ ಸರಿಸಿದಾಗ ಒಂದು ಮಾತ್ರ ಪೂರಾ ಒಡೆದಿರಲಿಲ್ಲ.
ಭುಜದ ಹತ್ತಿರ ಎಂಟಾಣೆಯಗಲ ಚಕ್ಕೆ ಹಾರಿ
ತೂತು ಬಿದ್ದಿತ್ತು.
ನೀರು ನಿಲ್ಲದು, ಕಾಳು ನಿಲ್ಲದು.
ನನ್ನದೇ ತಪ್ಪು, ನನ್ನದೇ ತಿಪ್ಪಿ:
ಬೇವಿನ ಟೊಂಗೆಗೆ ಕಟ್ಟಿದೆ.

ಸಂಜೆ ಬೋರಿ ಹೊಳೆ ಕಡೆಯಿಂದ ಗಾಳಿ ಬಂತು.
‘ಹೂಂ’ ಅಂತು ಗಡಗಿ.

ಮರುದಿನದಿಂದ ನನಗೆ ಹುಚ್ಚು.
ಮಾವ ಮಲಗಿದಾಗ ಹಸಿ ಗಡಗಿ ಕದ್ದು
ಅದೇ ಜಾಗದಲ್ಲಿ, ಅದೇ ಅಳತೆಗೆ,
ದಬ್ಬಣದಿಂದ ಕೊರೆದೆ. ಒಂಬತ್ತು.
ಕದ್ದೇ ಬೇಯಿಸಿದೆ, ಸಾಲಾಗಿ ಕಟ್ಟಿದೆ.
ಗಾಳಿ ಬಂತು, ಒಂದೊಂದರೊಳಗೂ ಹೊಕ್ಕು ನೋಡಿತು,
ಏನೂ ಅನ್ನದೆ ಹೋಯಿತು.
ಬೇಕಂತಲೇ ಮಾಡಿದ ತಪ್ಪು
ಬರೀ ತೂತು.

ಒಂಬತ್ತನ್ನೂ ಬಿಚ್ಚಿ ದಿಬ್ಬಕ್ಕೆ ಹಾಕಿದೆ.
ಅವಕ್ಕೂ ಯಾವತ್ತೋ ಒಂದು ದಿನ ಬಂದೀತು,
ನನಗಲ್ಲ, ಮುಂದೆ ತಿಪ್ಪಿ ಪಾಲಿಗೆ ಬಂದವಳಿಗೆ.

ಕತೆಗೆ ಹೂಂಗುಟ್ಟುವವರು ಬೇಕು.
ನಾವು ತೂಕಡಿಸಿದರೆ ದುಧನಿಯ ಅಜ್ಜಿ
ರಾಜನನ್ನು ಅರ್ಧ ಬಾವಿಯಲ್ಲೇ ಬಿಟ್ಟು ಎದ್ದುಬಿಡುತ್ತಿದ್ದಳು.
ಮದುವೆಯಾದ ಮೇಲೆ ನಾನು ಯಾರಿಗೂ ಕತೆ ಹೇಳಿರಲಿಲ್ಲ.
ಈಗ ಕರೆಂಟು ಹೋದ ರಾತ್ರಿ
ಬೇವಿನ ಕೆಳಗೆ ಕೂತೆ,
ಸೆರಗಿನ ಗಂಟು ಬಿಚ್ಚಿ
ಆ ಸಣ್ಣ ಹೆಬ್ಬೆರಳ ತಗ್ಗಿನಲ್ಲಿ ನನ್ನ ಹೆಬ್ಬೆರಳಿಟ್ಟು
ಮೆಲ್ಲಗೆ ಶುರು ಮಾಡಿದೆ:

‘ಒಂದೂರಾಗ ಒಬ್ಬಾಕಿ ಸೊಸಿ ಇದ್ದಳು.’
ಹೂಂ.
‘ಎಲ್ಲಾರೂ ಮಲಗಿದ ಮ್ಯಾಲೆ
ಆಕಿ ತಿಗರಿ ಮುಟ್ಟಿದಳು.’

ಗಾಳಿ ನಿಂತಿತು.
ಎಲೆ ಅಲುಗಲಿಲ್ಲ. ಗಡಗಿ ಸುಮ್ಮನಾಯಿತು.
ಇನ್ನೇನು ಏಳಬೇಕು,

ಕತ್ತಲಲ್ಲಿ, ಬಾಗಿಲ ಮೆಟ್ಟಿಲ ಮೇಲೆ
ಬೆಳ್ಳುಳ್ಳಿ ಸುಲಿಯುವ ಸದ್ದು ನಿಂತು
ಅತ್ತೆಯ ದನಿ:

‘ಹೂಂ. ಮುಂದ?’